ಹೆಗಲು ಮುಟ್ಟಿಕೊಳ್ಳದವರು

ಡರ್ಹಮ್ ಜೈಲಿನ ಒಳಬಾಗಿಲ ಕೋಣೆಯಲ್ಲಿ
ಸಂಜೆ ನಾಲ್ಕರಿಂದ ಹತ್ತರವರೆಗೆ ನನ್ನ ಪಾಳಿ.
ಕೋರ್ಟಿನಿಂದ ಬಿಳಿ ವ್ಯಾನು ಬರುತ್ತದೆ,
ಒಬ್ಬೊಬ್ಬರನ್ನೇ ಇಳಿಸುತ್ತದೆ, ಅಂಚೆ ಚೀಲ ಇಳಿಸಿದ ಹಾಗೆ.
ಬೆಲ್ಟು, ಲೇಸು, ಫೋನು ಒಂದು ಪೊಟ್ಟಣಕ್ಕೆ.
ಆಮೇಲೆ ನನ್ನೆದುರಿನ ಕುರ್ಚಿಗೆ.

ರಕ್ತದೊತ್ತಡ. ಅಲರ್ಜಿ. ಕೊನೆಯ ಸಲ ಕುಡಿದದ್ದು ಯಾವಾಗ.
ಈ ವಾರ ಸಾಯಬೇಕು ಅನ್ನಿಸಿತ್ತೇ?
ಇದನ್ನೆಲ್ಲ ಹೇಳಿಬಿಡುತ್ತಾರೆ, ತಲೆ ಬಗ್ಗಿಸಿಕೊಂಡಾದರೂ.
ಹನ್ನೊಂದನೆಯದಕ್ಕೆ ಬಂದಾಗ ಮಾತ್ರ,
ನೀವು ಮಾಜಿ ಸೈನಿಕರೇ,
ಗೋಡೆಯ ಗಡಿಯಾರ ನೋಡುತ್ತಾರೆ.
ಇಲ್ಲ.

ಕುಂಬಳಕಾಯಿ ಕಳ್ಳ ಅಂದರೆ
ಹೆಗಲು ಮುಟ್ಟಿ ನೋಡಿಕೊಂಡನಂತೆ ಒಬ್ಬ.
ಇಲ್ಲಿ ಕಳ್ಳ ಅಂದರೆ ಹೂಂ ಅನ್ನುವವರು
ಸಿಪಾಯಿ ಅಂದರೆ ಹೆಗಲು ಮರೆಸುತ್ತಾರೆ,
ಪಟ್ಟಿ ಕಿತ್ತ ಜಾಗದಲ್ಲಿ
ದಾರ ಇನ್ನೂ ನೇತಾಡುತ್ತಿದೆಯೇನೋ ಎಂಬಂತೆ.

ನಾನು ಬೆಳಗಾವಿ ಕ್ಯಾಂಪಿನವಳು. ಅಪ್ಪ ಹವಾಲ್ದಾರ.
ನಮ್ಮನೆಯಲ್ಲಿ ಚಪ್ಪಲಿ ಕೂಡ ಸಾವಧಾನ್ ನಿಲ್ಲುತ್ತಿತ್ತು.
ಹಾಗಾಗಿ ಮೊದಮೊದಲು ನನಗೊಂದು ಜಂಬ:
ಕೇಳುವುದೇ ಬೇಡ, ನೋಡಿದರೆ ತಿಳಿದೀತು.

ಒಬ್ಬ ಬಂದ. ಬೆನ್ನು ಕೋಲಿನ ಹಾಗೆ.
ಕೊಟ್ಟ ಕಂಬಳಿಯನ್ನು ಮೂಲೆಗೆ ಮೂಲೆ ಕೂಡಿಸಿ
ಮಡಿಚಿ ತೊಡೆಯ ಮೇಲಿಟ್ಟುಕೊಂಡ.
ಯಾವ ರೆಜಿಮೆಂಟು, ಎಂದೆ, ಪಂದ್ಯ ಗೆದ್ದವಳ ಹಾಗೆ.
ನಕ್ಕುಬಿಟ್ಟ. ಅನಾಥಾಲಯ, ಮಿಸ್.
ಆಮೇಲೆ ರಿಮಾಂಡ್ ಹೋಮು.
ಆಮೇಲೆ ಇದೇ ಮನೆ, ಎಂಟು ಸಲ.

ಅದೇ ವಾರ ಡೀನ್ ಹೆಸ್ಲಪ್. ನಲವತ್ತೊಂದು.
ಗುಂಡಿ ತಪ್ಪಿದ ಅಂಗಿ, ಒಂದೇ ಕಾಲಿಗೆ ಕಾಲುಚೀಲ,
ಕಂಬಳಿಯನ್ನು ನೆಲದುದ್ದ ಎಳೆದುಕೊಂಡು ಬಂದ.
ಹನ್ನೊಂದಕ್ಕೆ ಇಲ್ಲ ಅಂದ, ಗಡಿಯಾರವನ್ನೂ ನೋಡದೆ.
ನಾನೂ ಬರೆದೆ, ಇಲ್ಲ.

ಪೆನ್ನು ಮುಚ್ಚುತ್ತ, ಸುಮ್ಮನೆ, ಹೊರಗೇನು ಕೆಲಸ ಎಂದೆ.
ಅಡುಗೆ.
ಎಲ್ಲಿ?
ಪಬ್ಬಿನಲ್ಲಿ. ಶಾಲೆಯಲ್ಲಿ ಒಂದಷ್ಟು ದಿನ. ಅದಕ್ಕೂ ಮೊದಲು ಬಸ್ರಾ.
ಬಸ್ರಾದಲ್ಲಿ ಯಾರ ಹೋಟೆಲು?
ಹೋಟೆಲಲ್ಲ, ಎಂದ. ಪಡೆ.

ಮತ್ತೆ ಇಲ್ಲ ಅಂದೆಯಲ್ಲ?
(ಇಂಗ್ಲಿಷಿನಲ್ಲಿ ನೀನೂ ನೀವೂ ಒಂದೇ;
ನನ್ನೊಳಗೆ ಆ ಹೊತ್ತಿಗೆ ಅವನು ನೀನಾಗಿದ್ದ.)

ಮಾಜಿ ಸೈನಿಕರು ಅಂದರೆ ಆ ಮುದುಕರು, ಎಂದ,
ನವೆಂಬರಿನಲ್ಲಿ ಪದಕ ತೂಗಿಸಿಕೊಂಡು
ಕಲ್ಲುಕಂಬದ ಮುಂದೆ ಚಳಿಯಲ್ಲಿ ನಿಲ್ಲುವವರು.
ಅವರ ಕೆಂಪು ಹೂವಿನ ಪಕ್ಕ ನನ್ನನ್ನು ನಿಲ್ಲಿಸಬೇಡಿ.
ನಾನು ಗುಂಡು ಹಾರಿಸಿದವನಲ್ಲ, ಮೊಟ್ಟೆ ಒಡೆದವನು.
ಬೆಳಗ್ಗೆಗೆ ನಾನೂರು, ತಲೆಗೊಂದು.
ಒಂದು ದಿನ
(ಕಂಬಳಿಯನ್ನು ಕಾಲಿನಿಂದ ಹತ್ತಿರಕ್ಕೆಳೆದುಕೊಂಡ)
ಒಂದು ದಿನ ಮುನ್ನೂರ ತೊಂಬತ್ತೆಂಟು ಸಾಕಿತ್ತು.
ಆ ಎರಡನ್ನು ಒಡೆದಾಗಿತ್ತು.
ಬಾಣಲೆಯಲ್ಲಿತ್ತು.

ತಿದ್ದಿದೆ. ಹೌದು.

ಆ ಹೌದಿನಿಂದ ಏನಾಗುತ್ತದೆ?
ಯಾವುದೋ ಸಂಘಕ್ಕೆ ಒಂದು ಕಾಗದ ಹೋಗುತ್ತದೆ.
ಗುರುವಾರ ಐಲೀನ್ ಎಂಬ ಹೆಂಗಸು ಬರುತ್ತಾಳೆ,
ಮನೆಯ ವಿಚಾರ, ನಿದ್ದೆಯ ವಿಚಾರ ಬರೆದುಕೊಳ್ಳುತ್ತಾಳೆ.
ಅವಳಿಗೆ ಸೊಂಟನೋವು; ಹೋದ ಎರಡು ಗುರುವಾರ ಬಂದಿಲ್ಲ.
ಡೀನ್ ಹೊಡೆದ ಹುಡುಗನ ದವಡೆಗೆ ಇನ್ನೂ ತಂತಿಯಿದೆ.
ನನ್ನ ಹೌದು ಅದನ್ನು ಬಿಚ್ಚುವುದಿಲ್ಲ,
ಬಿಚ್ಚಬೇಕೆಂದು ನಾನು ಬರೆದದ್ದೂ ಅಲ್ಲ.

ಈಗ ಹನ್ನೊಂದನೆಯದನ್ನು ಫಾರಮಿನಲ್ಲಿದ್ದಂತೆ ಓದುವುದಿಲ್ಲ.
ಯಾವತ್ತಾದರೂ, ಒಂದೇ ದಿನವಾದರೂ,
ಸೇನೆಯ ಉಪ್ಪು ತಿಂದಿದ್ದೀಯಾ? ಬಡಿಸಿದ್ದೀಯಾ?
ಅವರ ಲಾರಿ ತೊಳೆದಿದ್ದೀಯಾ?
ಬಿಟ್ಟು ಓಡಿದ್ದರೂ ಸರಿ,
ಹೊರಗಟ್ಟಿದ್ದರೂ ಸರಿ.
ಕೆಲವರು ತುಂಬ ಹೊತ್ತು ಸುಮ್ಮನಿದ್ದು
ಹೂಂ ಅನ್ನುತ್ತಾರೆ, ಬೇರೆ ಯಾರದೋ ಸಾಲ ಒಪ್ಪಿಕೊಂಡಂತೆ.

ತಿಂಗಳ ಲೆಕ್ಕ ನೋಡಿ ಮೇಲಧಿಕಾರಿ ಕೇಳಿದ:
ನಿನ್ನ ಪಾಳಿಯಲ್ಲೇ ಯಾಕೆ ಇಷ್ಟೊಂದು ಸಿಪಾಯಿಗಳು?

ಬೇರೆ ಪಾಳಿಯಲ್ಲೂ ಇದ್ದಾರೆ, ಎಂದೆ.
ಗಡಿಯಾರ ನೋಡುತ್ತ ಕೂತಿರುತ್ತಾರೆ.